ಮಾಳಿಗೆಯ ಬಿಸಿಲು ಕದ್ದವರು ಯಾರು?

ನಾನು ಸುಲಭಕ್ಕೆ ಯಾರನ್ನೂ ನಂಬುವವನಲ್ಲ. ಸಂತೆಯಲ್ಲಿ ಬದನೆಕಾಯಿಯನ್ನೂ ತಿರುಗಿಸಿ, ಮೂಸಿ, ಮಾರುವವಳ ಮುಖ ನೋಡಿ ಕೊಳ್ಳುವವನು. ಅಂಥ ನಾನು ಶಲವಡಿಯ ನಮ್ಮ ಓಣಿಯಲ್ಲಿ ಎಲ್ಲರಿಗಿಂತ ಮೊದಲು ಮಾಳಿಗೆಗೆ ಸೋಲಾರ್ ಹಲಗೆ ಹಾಕಿಸಿದೆ ಎಂದರೆ, ಅದರಲ್ಲಿ ಮೋಸಕ್ಕೆ ಎಡೆಯೇ ಇಲ್ಲವೆಂದು ಓದುಗರು ತಿಳಿಯತಕ್ಕದ್ದು. "ಇಡೀ ದೇಶಾನ ಕಲ್ಲಿದ್ದಲು ಬಿಟ್ಟು ಸೂರ್ಯನ ಕಡೆ ಹೊಂಟೈತಿ. ಊರಾಗಿನ ಬಿಸಿಲೆಲ್ಲಾ ಈ ಹಲಗಿ ಹಿಡಿತಾವು!" ಎಂದು ಕಟ್ಟೆಯ ಮೇಲೆ ಭಾಷಣವನ್ನೂ ಮಾಡಿದೆ. ಹೆಂಡತಿ ಶಾಂತಾ ಮಾತ್ರ, "ಮಾಳಗಿ ಪೂರಾ ತುಂಬತಾವಲ್ರಿ?" ಎಂದಳು. ದೇಶದ ವಿಚಾರದ ಮುಂದೆ ಆ ಸಣ್ಣ ಮಾತು ನನ್ನ ಕಿವಿಗೆ ಬೀಳಲಿಲ್ಲ.

ಹಲಗೆ ಎಷ್ಟು ಕರೆಂಟು ಮಾಡುತ್ತಿದೆ ಎಂಬುದು ಮೊಬೈಲಿನಲ್ಲೇ ಕಾಣುತ್ತಿತ್ತು. ಅಣ್ಣಿಗೇರಿಯ ಕಚೇರಿಯಲ್ಲಿ ಕುಳಿತು ಅದನ್ನೇ ನೋಡುತ್ತಿದ್ದೆ. ಮೊದಮೊದಲು ಗೆರೆ ಚೆನ್ನಾಗಿ ಏರಿತು. ಬೇಸಿಗೆ ಹತ್ತಿತು ನೋಡಿ, ದಿನಾ ನಾನು ಬಸ್ಸು ಹತ್ತಿದ ಸ್ವಲ್ಪ ಹೊತ್ತಿಗೆ ಗೆರೆ ಧೊಪ್ಪನೆ ಬೀಳತೊಡಗಿತು! ಕಂಪನಿಯವನು ಒಂದು ಮುಂಜಾನೆ, ನಾನು ಹೊರಡುವ ಮೊದಲೇ ಬಂದು ಪರೀಕ್ಷಿಸಿ, "ಏನೂ ಕೆಟ್ಟಿಲ್ರಿ" ಎಂದು ಹೋದ. ನಾನಿಲ್ಲದಾಗಲೇ ಬೀಳುತ್ತದೆ ಎಂದರೆ ಇದು ಕಳವು!

ಅನುಮಾನ ಹೋಗಿ ಕುಳಿತದ್ದು ಬಾಜು ಮನೆಯ ಫಕೀರಪ್ಪನ ಮೇಲೆ. ಶಾಂತಾಳ ಹೆರಿಗೆಯ ಹೊತ್ತಿಗೆ ಎರೆಮಣ್ಣಿನ ಕೆಸರಿನಲ್ಲಿ ಟ್ರ್ಯಾಕ್ಟರ್ ಓಡಿಸಿ ಆಸ್ಪತ್ರೆ ಮುಟ್ಟಿಸಿದವನು ಅವನೇ. ಆದರೇನು? ಇತ್ತೀಚೆಗೆ ಎದುರಾದಾಗಲೆಲ್ಲ ನಗುತ್ತಿದ್ದ. ಕಾರಣವಿಲ್ಲದೆ ಯಾರಾದರೂ ನಗುತ್ತಾರೆಯೇ? ಮೇಲಾಗಿ ನನ್ನ ಹಲಗೆಯ ಕಂಬದಿಂದ ಅವನ ಅಂಗಳಕ್ಕೆ ಒಂದು ತಂತಿ ಇಳಿದಿತ್ತು!

"ಫಕೀರಣ್ಣ ಅಂಥಾಂವ ಅಲ್ರಿ," ಎನ್ನುತ್ತ ಶಾಂತಾ ನನ್ನ ತಾಟಿಗೆ ಸಂಡಿಗೆ ಹಾಕಿದಳು.

"ನಿನಗ ಜನ ತಿಳಿಯಂಗಿಲ್ಲ," ಎಂದೆ. ಸಂಡಿಗೆ ಮಾತ್ರ ಆ ವರ್ಷ ಬಹಳ ಗರಿಗರಿಯಾಗಿತ್ತು. ಇನ್ನಷ್ಟು ಹಾಕಿಸಿಕೊಂಡೆ.

ಒಂದು ದಿನ ಅರ್ಧ ರಜೆ ಹಾಕಿ ನಡು ಮಧ್ಯಾಹ್ನವೇ ಊರಿಗೆ ಬಂದೆ. ತಂತಿಯ ಮೇಲೆ ಬಟ್ಟೆಗಳಿದ್ದವು. ಕಳವು ಮುಚ್ಚಲು ಹೂಡಿದ ಉಪಾಯವೆಂದು ಕೂಡಲೇ ಪತ್ತೆ ಹಚ್ಚಿದೆ! ಕೈಗೆ ರಬ್ಬರ್ ಗವಸು ಧರಿಸಿ, ಕಂಪೌಂಡ್ ಗೋಡೆ ಏರಿ, "ಕಳ್ಳನ್ನ ಹಿಡದೇನಿ, ಬರ್ರಿ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿ, ಇಕ್ಕಳದಿಂದ ತಂತಿ ಕತ್ತರಿಸಿದೆ. ಕಿಡಿ ಹಾರಲಿಲ್ಲ. ಫಕೀರಪ್ಪನ ಧೋತರ, ಅವನ ಹೆಂಡತಿಯ ಇಳಕಲ್ ಸೀರೆ ಬಚ್ಚಲ ಕೆಸರಿಗೆ ಬಿದ್ದವು.

ಫಕೀರಪ್ಪ ಹೊರಗೆ ಬಂದ. "ಯಾರ್ರಿ ಕಳ್ಳ?"

"ನೀನಲೇ! ನನ್ನ ಕರೆಂಟ್ ಕದಿಯಾಂವ ನೀನ!"

ಅವನ ಮುಖದ ನಗೆ ಆರಿಹೋಯಿತು. ಅವನು ನನ್ನ ರಟ್ಟೆ ಹಿಡಿದು, "ನಡೀರಿ ಮ್ಯಾಲೆ. ನೋಡೇಬಿಡೂಣು," ಎಂದ. ಓಣಿಯೇ ಬೆನ್ನು ಹತ್ತಿ ಮಾಳಿಗೆ ಏರಿತು.

ಮೇಲೆ ಹಲಗೆಗಳೇ ಕಾಣಲಿಲ್ಲ! ಅವುಗಳ ಮೇಲೆ ಬಿಗಿದು ಕಟ್ಟಿದ ನನ್ನವೇ ಹಳೆಯ ಧೋತರಗಳು, ಧೋತರದ ತುಂಬ ಸಂಡಿಗೆ. ಬೆನ್ನು ಹತ್ತಿ ಬಂದಿದ್ದ ಹೆಂಗಸರೆಲ್ಲ ಆಕಾಶ ನೋಡತೊಡಗಿದರು.

"ಓಣಿ ಸಂಡಿಗಿ ಎಲ್ಲಾ ಮೊದಲಿಂದ ನಮ್ಮ ಮಾಳಗಿ ಮ್ಯಾಲನ ಒಣಗತಿದ್ವು," ಎಂದಳು ಶಾಂತಾ. "ಆ ಜಾಗಾ ನಿಮ್ಮ ಹಲಗಿ ನುಂಗಿದ್ವು. ಊರಾಗಿನ ಬಿಸಿಲೆಲ್ಲಾ ಇವ ಹಿಡಿತಾವು ಅಂತ ನೀವ ಹೇಳಿದ್ರಿ. ಅದಕ್ಕ ಇಲ್ಲೇ ಹಾಕಿದ್ವಿ."

"ಅದಕ್ಕ ಕರೆಂಟ್ ನಿಂತೈತಿ!"

"ಸಂಡಿಗಿ ಒಣಗಿಸಿದ್ರ ಬಿಸಿಲು ಸವೀತೈತೇನ್ರಿ? ಆ ತಂತೀನೂ ಅವರಿಗೆ ನಾನ ಕೊಟ್ಟೇನಿ, ಅರಿವಿ ಒಣಗಿಸಾಕ."

ನನಗೆ ನಾಚಿಕೆಯಿಂದ ನೆಲ ನುಂಗಬಾರದೇ ಎನಿಸಿತು. "ತಪ್ಪಾತಪಾ ಫಕೀರಪ್ಪ," ಎಂದೆ. "ಆದ್ರ ನನ್ನ ಕಂಡಾಗೆಲ್ಲಾ ನಗತಿದ್ದೆಲ್ಲಾ, ಯಾಕ?"

"ನಿಮ್ಮ ಮನಿ ಸಂಡಿಗಿ ನಮಗೂ ಬರತಿದ್ವಲ್ರಿ! ಅಗದಿ ಚಲೋ ಇದ್ವು. ಮುಂದಿನ ವರ್ಷ ನಾನೂ ಈ ಹಲಗಿ ಹಾಕಸ್ತೀನಿ."

ನನ್ನ ಎದೆ ಉಬ್ಬಿತು. "ಕರೆಂಟಿಗಿ?"

"ಅಲ್ರಿ, ಸಂಡಿಗಿಗೆ."

ಆಮೇಲೆ ಅವನ ಅಂಗಳದಲ್ಲಿ, ಓಣಿಯವರೆಲ್ಲರ ಸಮಕ್ಷಮದಲ್ಲಿ, ಆ ಸೀರೆ, ಧೋತರಗಳನ್ನು ನಾನೇ ಒಗೆದೆ. ಒಣಗಿಸಲು ತಂತಿ ಎಲ್ಲಿದೆ? ಕತ್ತರಿಸಿದವನು ನಾನೇ!

"ಹಲಗಿ ಮ್ಯಾಲ ಹಾಕ್ರಿ, ಲಗೂನ ಒಣಗತಾವು," ಎಂದು ಶಾಂತಾ ಮೇಲಿನಿಂದ ಕೂಗಿದಳು.

ಸಂಡಿಗೆ ಒತ್ತರಿಸಿ ಬಟ್ಟೆ ಹಾಕಿದೆ. ಮೊಬೈಲಿನಲ್ಲಿ ಉಳಿದಿದ್ದ ಚೂರು ಗೆರೆಯೂ ಬಿದ್ದಿತು. ಈ ಸಲ ಕಳ್ಳ ಯಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು.