ಎದುರಿಗೊಂದು ಗಂಡು ಬೇಕು

ಎಲ್ಲ ಫಜೀತಿಗೂ ಕಾರಣ ಹಿತ್ತಿಲ ಸೀಬೆಮರದಲ್ಲಿ ಕೂಗಿದ ಒಂದು ಪಿಕಳಾರ ಹಕ್ಕಿ. ಐವತ್ತೆಂಟನೇ ಇಸವಿಯ ಬೇಸಿಗೆ. ಹೊಳೆನರಸೀಪುರದ ವಿಜ್ಞಾನದ ಮೇಷ್ಟ್ರು ಗೊಮ್ಮಟೇಶ ತಾಯಿಯೊಡನೆ ಶ್ರವಣಬೆಳಗೊಳಕ್ಕೆ ಹೆಣ್ಣು ನೋಡಲು ಬಂದಿದ್ದ. "ಪಾಠ ಮಾಡೋಕೋಗಿ ಈ ಸಂಬಂಧಾನೂ ಕಳ್ಕೊಂಡ್ರೆ ಇನ್ನು ನೀನೇ ಹುಡುಕ್ಕೋ" ಎಂದು ತಾಯಿ ಬಸ್ಸಿನಲ್ಲೇ ಗದರಿದ್ದರು.

ಹುಡುಗಿ ಚಕ್ರೇಶ್ವರಿ ಉಪ್ಪಿಟ್ಟು ಕೊಟ್ಟು ಚಾಪೆಯ ಮೇಲೆ ಕೂತಳು. ಕರೆಯದೆಯೇ ಬಂದಿದ್ದ ಪಕ್ಕದ ಮನೆಯ ಪದ್ಮಾವತಮ್ಮ, "ಒಂದು ಹಾಡೇಳಮ್ಮ" ಎಂದರು. ಆಗಲೇ ಪಿಕಳಾರ ಕೂಗಿತು. ಗೊಮ್ಮಟೇಶನಿಗೆ ತಡೆಯಲಾಗಲಿಲ್ಲ.

"ಹಕ್ಕಿಗಳಲ್ಲಿ ಹಾಡೋದು ಹೆಚ್ಚಾಗಿ ಗಂಡು. ಹೆಣ್ಣು ಕೂತು ಕೇಳುತ್ತೆ, ಮೆಚ್ಚಿದರೆ ಒಪ್ಪುತ್ತೆ."

ಚಕ್ರೇಶ್ವರಿ ತಲೆಯೆತ್ತಿದಳು. "ಹಾಗಾದ್ರೆ ನೀವೇ ಹಾಡಿ."

ಅವನು ಗಂಟಲು ಸರಿಮಾಡಿಕೊಂಡ. ಎಣ್ಣೆ ಕಾಣದ ಗಾಡಿಚಕ್ರದಂಥ ಸದ್ದು ಬಂತು. ತಾಯಿ ತೊಡೆ ಚಿವುಟಿದರು. ಮಾನ ಉಳಿಸಿಕೊಳ್ಳಲು ಅವನು ಮತ್ತೆ ವಿಜ್ಞಾನದ ಮೊರೆಹೊಕ್ಕ.

"ಒಂಟಿ ಗಂಡಿಗೆ ಹಾಡು ಬರೋದಿಲ್ಲ. ಎದುರಿಗೆ ಇನ್ನೊಂದು ಗಂಡು ಇರಬೇಕು. ಆಗ ರಕ್ತದಲ್ಲಿ ಹಾರ್ಮೋನ್ ಅನ್ನೋ ರಸ ಏರುತ್ತೆ."

"ಅಷ್ಟೇ ತಾನೆ?" ಎಂದ ಪದ್ಮಾವತಮ್ಮ ಬೀದಿಗೆ ಓಡಿ, ಎದುರಿನ ಪಾತ್ರೆ ಅಂಗಡಿಯ ಯಶೋಧರನನ್ನು ರಟ್ಟೆ ಹಿಡಿದು ಎಳೆತಂದರು. "ಬಾ ಮಗ, ಮೇಷ್ಟ್ರುಗೆ ರಸ ಏರ್ಬೇಕಂತೆ."

"ಯಾವ ರಸ, ದೊಡ್ಡಮ್ಮ?"

"ನಿಂಗ್ಯಾಕೆ ಅದೆಲ್ಲ? ಎದೆ ಉಬ್ಬಿಸ್ಕೊಂಡು ನಿಂತ್ಕೊ!"

ಯಶೋಧರ ನಿಂತ. ಅವನ ಗುಂಗುರು ಕೂದಲು ಕಂಡದ್ದೇ ಗೊಮ್ಮಟೇಶನ ಕಿವಿ ಕೆಂಪಾದವು. ನಿಜಕ್ಕೂ ಏನೋ ಏರಿತು! ಎದ್ದು ನಿಂತು ಹಾಡಿಯೇಬಿಟ್ಟ. ನೆನಪಾದದ್ದು ಶಾಲೆಯ ಪ್ರಾರ್ಥನೆಯೊಂದೇ. ಮನೆಯವರೆಲ್ಲ ಎದ್ದು ಕೈಮುಗಿದರು. ಪಿಕಳಾರ ಹಾರಿಹೋಯಿತು.

"ಭೇಷ್!" ಎಂದರು ಹುಡುಗಿಯ ತಂದೆ ಜಿನದಾಸಯ್ಯ. "ಏನಮ್ಮ, ಒಪ್ಪಿಗೇನಾ?"

"ಮದುವೆ ಆದ್ಮೇಲೆ ಇವರ ಎದುರಿಗೆ ನಿಲ್ಲೋಕೆ ದಿನಾ ಯಾರನ್ನ ಕರೆಯೋದು, ಅಪ್ಪಾಜಿ?" ಎಂದಳು ಚಕ್ರೇಶ್ವರಿ. "ಯಶೋಧರ ಅವರು ಅಂಗಡೀಲಿ ಒಬ್ಬರೇ ಇದ್ರೂ ಹಾಡ್ತಾರೆ. ಯಾವ ಗಂಡೂ ಎದುರಿಗೆ ಬೇಕಿಲ್ಲ."

ಗೊಮ್ಮಟೇಶನಿಗೆ ಹುಡುಗಿ ಮರೆತೇಹೋದಳು. ವಿಜ್ಞಾನಕ್ಕೇ ಅವಮಾನ! "ಸಾಧ್ಯವೇ ಇಲ್ಲ! ಏನೂ ಕಾರಣವಿಲ್ಲದೆ ಯಾವ ಗಂಡೂ ಹಾಡೋದಿಲ್ಲ. ಏನಯ್ಯ, ನಿಜ ಬೊಗಳು!"

ಯಶೋಧರ ನೆಲ ನೋಡಿದ. "ನೀವೇಳಿದ್ದು ಸರಿ ಸಾ. ಒಬ್ಬನೇ ಎಲ್ಲಿ ಹಾಡ್ದೆ? ಕಿಟಕೀಲಿ ಇವರು ನಿಂತಿರ್ತಿದ್ರಲ್ಲ."

ಚಕ್ರೇಶ್ವರಿ ನಾಚಿ ಒಳಗೆ ಓಡಿದಳು.

"ನೋಡಿದಿರಾ! ನಾನು ಹೇಳಲಿಲ್ಲವೇ!" ಎಂದು ಗೊಮ್ಮಟೇಶ ಗೆದ್ದ ಖುಷಿಯಲ್ಲಿ ಚಪ್ಪಾಳೆ ತಟ್ಟಿದ. ಚಪ್ಪಾಳೆ ಮುಗಿಯುವಷ್ಟರಲ್ಲಿ ಜಿನದಾಸಯ್ಯ ಯಶೋಧರನಿಗೂ ಕುರ್ಚಿ, ಉಪ್ಪಿಟ್ಟು ತರಿಸಿದ್ದರು.