ಟ್ಯಾಂಕ್ ಗುಡ್ಡದ ಚಂದ್ರೋದಯ

ಮನೆಯಲ್ಲಿ ನನ್ನ ಮಾತಿಗೆ ಬೆಲೆ ಇಲ್ಲ ಎನ್ನುವುದು ಹಳೆಯ ದೂರು. ಈಗ ಆಕಾಶದಲ್ಲಿರುವ ಚಂದ್ರನನ್ನು ಬೊಟ್ಟು ಮಾಡಿ ತೋರಿಸಿದರೂ ನನ್ನ ಹೆಂಡತಿ ನಂಬುವುದಿಲ್ಲ. ಇದಕ್ಕೆ ಕಾರಣ ಒಂದು ಅಗ್ಗದ ಬೈನಾಕ್ಯುಲರ್ ಮತ್ತು ನಮ್ಮ ಪಂಚಾಯ್ತಿಯ ಅಕಾಲಿಕ ಕಾರ್ಯದಕ್ಷತೆ.

ರಿಪ್ಪನ್‌ಪೇಟೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ದಿನವಿಡೀ ಸೂಜಿಯ ಕಣ್ಣನ್ನೇ ನೋಡುವವನಿಗೆ ದೂರದ್ದು ಏನಾದರೂ ನೋಡಬೇಕೆಂಬ ಮಹದಾಸೆ ಹುಟ್ಟುವುದು ಸಹಜ. ಗಣಪತಿ ಹಬ್ಬ ಕಳೆದ ಮೇಲೆ ಆನ್‌ಲೈನಿನಲ್ಲಿ ಆ ಬೈನಾಕ್ಯುಲರ್ ತರಿಸಿಯೇಬಿಟ್ಟೆ. ಅದು ಯಾವುದನ್ನೇ ಆಗಲಿ ಎರಡೇ ಪಟ್ಟು ದೊಡ್ಡದು ಮಾಡುತ್ತದೆ, ಆದರೆ ನೋಟ ಮಾತ್ರ ಬಹಳ ಅಗಲ. (ಡಬ್ಬಿಯ ಮೇಲೆ ಹೀಗೆ ಬರೆದಿತ್ತು. ನಾನು ಓದಿದ್ದು ಡಬ್ಬಿ ಒಡೆದ ಮೇಲೆ.)

ಹೆಂಡತಿ ಪ್ರತಿಮಾಳನ್ನು ಮಂಡಗದ್ದೆಯ ಪಕ್ಷಿಧಾಮಕ್ಕೆ ಕರೆದುಕೊಂಡು ಹೋಗಿ, ಹಕ್ಕಿ ನೋಡು ಎಂದು ಕೈಗೆ ಕೊಟ್ಟೆ.

“ಬರಿಗಣ್ಣಿಗೆ ಕಾಣ್ತಿದ್ದ ಹಕ್ಕೀನೇ ಕಾಣ್ತದಲ್ರೀ.”

“ಸ್ವಲ್ಪ ದೊಡ್ಡದಾಗಿ ಕಾಣಲ್ವಾ?”

“ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತ್ರೆ ಇಷ್ಟೇ ಕಾಣ್ತದೆ ಮಾರಾಯ್ರೆ.”

ತಾರಸಿಯ ಮೇಲೆ ನಿಂತು, ಬರುತ್ತಿರುವ ಬಸ್ಸು ಹೊಸನಗರದ್ದೋ ತೀರ್ಥಹಳ್ಳಿಯದ್ದೋ ಎಂದು ಬೋರ್ಡು ಓದಿ ಹೇಳಿದೆ. ನಾವು ಎಲ್ಲಿಗೂ ಹೋಗುವುದಿಲ್ಲವಲ್ಲ ಅಂದಳು. ಅಂದಿನಿಂದ ನಾನು ಆ ಯಂತ್ರದ ಮಾನ ಉಳಿಸಲು ಅವಕಾಶ ಕಾಯುತ್ತಿದ್ದೆ.

ಇಲ್ಲಿ ಹರಕೆಯ ವಿಷಯ ಹೇಳಬೇಕು. ಎರಡು ವರ್ಷದ ಹಿಂದೆ ನಾನು ಸ್ಕೂಟರಿನಿಂದ ಬಿದ್ದು ಬಲಗಾಲು ಮುರಿದುಕೊಂಡಿದ್ದೆ. ನಾನು ಕೋಲಿಲ್ಲದೆ ನಡೆದರೆ ಇಪ್ಪತ್ತೊಂದು ಸಂಕಷ್ಟಿ ಮಾಡುತ್ತೇನೆಂದು ಪ್ರತಿಮಾ ಗಣಪತಿಗೆ ಹೇಳಿಕೊಂಡಿದ್ದಳು. ತಿಂಗಳಿಗೊಂದು ದಿನ ಉಪವಾಸ, ರಾತ್ರಿ ಚಂದ್ರನನ್ನು ನೋಡಿ ಅರ್ಘ್ಯ ಬಿಟ್ಟ ಮೇಲೆಯೇ ಊಟ. ಒಂದನ್ನೂ ತಪ್ಪಿಸದೆ ಇಪ್ಪತ್ತು ಮುಗಿಸಿದ್ದಳು. ನಾನು ಸರಾಗವಾಗಿ ನಡೆಯುತ್ತಿದ್ದೆ.

ದೀಪಾವಳಿ ಕಳೆದ ಮೇಲೆ ಇಪ್ಪತ್ತೊಂದನೆಯದು ಬಂತು. ಕ್ಯಾಲೆಂಡರಿನಲ್ಲಿ ಚಂದ್ರೋದಯ ಎಂಟು ಗಂಟೆಗೆ. ಆದರೆ ಕ್ಯಾಲೆಂಡರಿನವರಿಗೆ ನಮ್ಮ ಮನೆಯ ಪೂರ್ವಕ್ಕಿರುವ ಟ್ಯಾಂಕ್ ಗುಡ್ಡ ಗೊತ್ತಿಲ್ಲ. ಊರಿನ ನೀರಿನ ಟ್ಯಾಂಕ್ ಇರುವ ಆ ಗುಡ್ಡವನ್ನು ಹತ್ತಿ ಬರಲು ಚಂದ್ರನಿಗೆ ಇನ್ನೂ ಮುಕ್ಕಾಲು ಗಂಟೆ ಬೇಕು. ಬೆಳಗಿನಿಂದ ಅಂಗಡಿಯಲ್ಲಿ ನನ್ನ ಜೊತೆ ಗುಂಡಿ ಹಾಕಿ ಹಾಕಿ ಪ್ರತಿಮಾಳ ಮುಖ ಬಾಡಿತ್ತು. ಮುರಿದದ್ದು ನನ್ನ ಕಾಲು, ಹಸಿದದ್ದು ಅವಳ ಹೊಟ್ಟೆ. ನನಗೆ ನಿಜಕ್ಕೂ ಸಂಕಟವಾಯಿತು. ಬೈನಾಕ್ಯುಲರ್ ಹಿಡಿದು ತಾರಸಿ ಹತ್ತಿದೆ.

ಗುಡ್ಡದ ನೆತ್ತಿಯಲ್ಲಿ, ಮರಗಳ ಸಂದಿಯಲ್ಲಿ, ದುಂಡಗೆ ಬೆಳ್ಳಗೆ ಉದಯಿಸಿದ್ದ. ಕೂಗಿ ಕರೆದೆ. ಪ್ರತಿಮಾ ಅರ್ಘ್ಯದ ಹಾಲು ಹಿಡಿದು ಮೇಲೆ ಬಂದಳು. ಪಕ್ಕದ ಮನೆಯ ಯಮುನಮ್ಮ, ಅವರಿಗೂ ಸಂಕಷ್ಟಿ, ತಮ್ಮ ಅಂಗಳದಲ್ಲೇ ಕತ್ತೆತ್ತಿ ನಿಂತರು.

“ಬರಿಗಣ್ಣಿಗೆ ಸುಮ್ನೆ ಬೆಳಕು ಕಂಡಂಗಾಗ್ತದೆ,” ಅಂದಳು ಪ್ರತಿಮಾ.

“ಅದಕ್ಕೇ ಇದರಲ್ಲಿ ನೋಡು ಅಂದದ್ದು.”

ನೋಡಿದಳು. “ದುಂಡಗಿದೆ. ಆದ್ರೆ ಚೌತಿ ಚಂದ್ರ ಒಂದು ಬದಿ ಸವೆದಿರ್ಬೇಕಲ್ವಾ?”

“ಸವೆದ ಬದಿ ಎಲೆ ಮರೆಗಿದೆ,” ಎಂದು ಖಗೋಳಶಾಸ್ತ್ರಜ್ಞನ ಗಾಂಭೀರ್ಯದಿಂದ ಹೇಳಿದೆ.

ಅರ್ಘ್ಯ ಬಿಟ್ಟಳು. “ಶೇಷಪ್ಪಣ್ಣ ನೋಡ್ಯಾರೆ ಅಂದ್ಮೇಲೆ ಆತು,” ಎಂದು ನನ್ನನ್ನು ನಂಬಿ ಯಮುನಮ್ಮನೂ ಅಂಗಳದಿಂದಲೇ ಅರ್ಘ್ಯ ಬಿಟ್ಟು ಒಳಗೆ ಹೋದರು. ನಮ್ಮಲ್ಲಿ ಪೂಜೆ ಆಯಿತು, ಪಂಚಕಜ್ಜಾಯ ಆಯಿತು, ಊಟವೂ ಆಯಿತು. ಮದುವೆಯಾದ ಮೇಲೆ ಮೊದಲ ಸಲ ಪ್ರತಿಮಾ ನನ್ನನ್ನು ಮೆಚ್ಚಿಕೊಂಡು, “ನಿಮ್ಮ ದುರ್ಬೀನು ಉಪಯೋಗಕ್ಕೆ ಬಂತು ನೋಡಿ,” ಅಂದಳು. ಆ ಖುಷಿಗೆ ಇನ್ನೊಮ್ಮೆ ಚಂದ್ರದರ್ಶನ ಮಾಡೋಣವೆಂದು ಇಬ್ಬರೂ ತಾರಸಿಗೆ ಹೋದೆವು.

ಆಗ ಕರೆಂಟ್ ಹೋಯಿತು. ಚಂದ್ರನೂ ಹೋದ.



“ರೀ, ಟ್ಯಾಂಕಿನ ಹತ್ರ ಲೈಟ್ ಹಾಕ್ಸಿ ಅಂತ ಪಂಚಾಯ್ತಿಗೆ ಅರ್ಜಿ ಕೊಟ್ಟಿದ್ರಲ್ಲ?”

“ಮೂರು ಸಲ ಕೊಟ್ಟಿದ್ದೆ. ಹಾಕಲಿಲ್ಲ.”

“ಹಾಕ್ಯಾರೆ,” ಅಂದಳು.

ಆ ಮಧ್ಯಾಹ್ನವೇ ಹಾಕಿದ್ದರಂತೆ. ಇಪ್ಪತ್ತು ನಿಮಿಷ ಬಿಟ್ಟು ನಿಜವಾದ ಚಂದ್ರ ಅದೇ ಗುಡ್ಡದ ಇನ್ನೊಂದು ಮಗ್ಗುಲಲ್ಲಿ ಬಂದ. ಒಂದು ಬದಿ ಸವೆದಿತ್ತು. ಪಕ್ಕದ ಅಂಗಳದಿಂದ ಯಮುನಮ್ಮ, “ಶೇಷಪ್ಪಣ್ಣ, ಇದ್ಯಾರು?” ಎಂದು ಕೇಳಿದರು.

ಪ್ರತಿಮಾ ಬೈಯಲಿಲ್ಲ. ಮೂಲೆಯಲ್ಲಿ ಕೂತು ಕಣ್ಣೊರೆಸಿಕೊಂಡಳು. ಇಪ್ಪತ್ತೊಂದು ತಿಂಗಳು ಕಾಪಾಡಿಕೊಂಡು ಬಂದದ್ದನ್ನು ನಾನು ಒಂದು ಬಲ್ಬಿಗೆ ಅರ್ಪಿಸಿಬಿಟ್ಟಿದ್ದೆ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಮರುದಿನ ಭಟ್ಟರಿಗೆ ಫೋನು ಮಾಡಿ ಸ್ಪೀಕರ್ ಹಾಕಿದೆ.

“ಚಂದ್ರನ್ನ ನೋಡದೆ ಉಂಡ್ರೆ ವ್ರತ ಭಂಗ ಆದಂಗೇ,” ಅಂದರು ಭಟ್ಟರು. “ಮೊದಲಿಂದ ಮಾಡಿದ್ರೆ ಒಳ್ಳೇದು. ಮನೆಯವರು ಯಾರು ಮಾಡಿದ್ರೂ ನಡೀತದೆ.”

ಪ್ರತಿಮಾ ಫೋನಿನ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು. “ಕಾಲು ಯಾರ್ದು?”

“ನಂದು.”

“ದುರ್ಬೀನು?”

“ಅದೂ ನಂದೇ.”

“ಹಂಗಾದ್ರೆ ಉಪವಾಸನೂ ನಿಮ್ದೇ ಇರ್ಲಿ. ದುರ್ಬೀನು ಇಲ್ಲಿ ಕೊಡಿ.”

ಈಗ ಬೈನಾಕ್ಯುಲರ್ ಅವಳ ಕೊರಳಲ್ಲಿದೆ. ಊಟ ಮುಗಿಸಿ ತಾರಸಿಯಲ್ಲಿ ಚಾಪೆ ಹಾಸಿ ಮಲಗಿ ನಕ್ಷತ್ರ ನೋಡುತ್ತಾಳೆ. ರೋಹಿಣಿ, ಮೃಗಶಿರ, ಆರಿದ್ರ ಇವನ್ನೆಲ್ಲ ನಾವು ಮಳೆಯ ಹೆಸರಾಗಿ ಬಲ್ಲೆವೇ ಹೊರತು ಕಣ್ಣೆತ್ತಿ ನೋಡಿದವರಲ್ಲ. ಆ ಅಗಲ ನೋಟದಲ್ಲಿ ಅಕ್ಕಪಕ್ಕದ ಚಿಕ್ಕೆಗಳ ಸಮೇತ ನಕ್ಷತ್ರ ಸಿಗುತ್ತದಂತೆ. “ಒಳ್ಳೆ ಸಾಮಾನೇ ತಂದೀರಿ. ನಿಮಗೆ ನೋಡಕ್ಕೆ ಬರ್ಲಿಲ್ಲ ಅಷ್ಟೆ,” ಎನ್ನುತ್ತಾಳೆ.

ಇವತ್ತು ನನ್ನ ನಾಲ್ಕನೆಯ ಸಂಕಷ್ಟಿ. ಬೆಳಗಿನಿಂದ ಒಂದು ಲೋಟ ಹಾಲಿನಲ್ಲಿದ್ದೇನೆ. ಚಂದ್ರ ಗುಡ್ಡ ಹತ್ತಿ, ಟ್ಯಾಂಕ್ ದಾಟಿ, ಯಮುನಮ್ಮನ ತೆಂಗಿನಮರಕ್ಕಿಂತ ಮೇಲೆ ಬಂದಿದ್ದಾನೆ. ಯಮುನಮ್ಮ ಉಂಡು ಪಾತ್ರೆ ತೊಳೆದಿದ್ದೂ ಕೇಳಿಸಿತು.

“ಬಂದಿದ್ದಾನಲ್ಲೇ, ಬಡಿಸು,” ಎಂದೆ.

ಪ್ರತಿಮಾ ಬೈನಾಕ್ಯುಲರ್ ಎತ್ತಿ ಸಾವಕಾಶವಾಗಿ ನೋಡಿದಳು. “ಹಂಗೆಲ್ಲ ನಂಬಕ್ಕಾಗಲ್ಲ. ಕರೆಂಟ್ ಹೋದ್ಮೇಲೂ ಇದ್ರೆ ಅವನು ಚಂದ್ರ. ಇನ್ನೊಂಚೂರು ಕಾಯಿರಿ.”

ನಮ್ಮೂರಿನಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುತ್ತದೆ. ಇವತ್ತು ಬೆಳಗಿನಿಂದ ಒಂದು ಸಲವೂ ಹೋಗಿಲ್ಲ.