ಸಾವಿರದ ಎಂಬತ್ತು ಟ್ಯಾಂಕರ್

"ಇನ್ನು ಮುಂದೆ ಈ ಮನೆಯಲ್ಲಿ ನೀರಿಗಾಗಿ ಯಾರೂ ಒಂದು ಬೆರಳನ್ನೂ ಅಲ್ಲಾಡಿಸಬೇಕಾಗಿಲ್ಲ!" ಎಂದು ಸಿದ್ಧಲಿಂಗೇಶ ಶುಕ್ರವಾರ ಸಂಜೆ ಚಹಾದ ಲೋಟ ಎತ್ತಿ ಹಿಡಿದು ಘೋಷಿಸಿದ.

ಹೆಂಡತಿ ಪ್ರತಿಭಾ ಬಕೆಟ್ಟಿನ ತಳದ ನೀರನ್ನು ಚೊಂಬಿನಿಂದ ಗೋರುತ್ತಿದ್ದಳು. "ಯಾಕ್ರೀ, ಬೆರಳಿಗೆ ಏನಾಗ್ಯಾದ?" ಎಂದಳು, ತಲೆ ಎತ್ತದೆ.

ಕಾಕ್ಸ್ ಟೌನಿನ ಆ ಎಂಟು ಮನೆಗಳ ಕಟ್ಟಡದ ಬೋರ್‌ವೆಲ್ ಮಾರ್ಚ್ ತಿಂಗಳಲ್ಲೇ ಕೈಕೊಟ್ಟಿತ್ತು. ಅಂದಿನಿಂದ ಟ್ಯಾಂಕರ್ ತರಿಸುವುದು ಮನೆಮನೆಗೆ ಪಾಳಿ. ಟ್ಯಾಂಕರಿನ ಗಯಾಜ್ ಭಾಯಿಗೆ ಇದ್ದದ್ದು ನಾಲ್ಕೇ ಲಾರಿ, ಜೊತೆಗೆ ಒಂದು ವೆಬ್‌ಸೈಟು. ಬೆಳಿಗ್ಗೆ ಆರಕ್ಕೆ ಸರಿಯಾಗಿ ಬುಕಿಂಗ್ ತೆರೆಯಬೇಕು, ನೀರಿನ ಹನಿಯ ಆಕಾರದ ನೀಲಿ ಗುಂಡಿ ಒತ್ತಬೇಕು, ಹನಿ ಹಸಿರಾದರೆ ನೀರು ಬಂತೆಂದೇ ಲೆಕ್ಕ. ಆರು ಗಂಟೆ ಒಂದು ನಿಮಿಷಕ್ಕೆ ನಾಲ್ಕೂ ಲಾರಿ ಖಾಲಿ!

ಈ ವಾರದ ಪಾಳಿ ಸಿದ್ಧಲಿಂಗೇಶನದು. ಅದೂ ಎಂಥಾ ವಾರ! ಶನಿವಾರ ಬೆಳಿಗ್ಗೆ ಕಲಬುರಗಿಯಿಂದ ಮಾವ ಗುರುಶಾಂತಪ್ಪ, ಅತ್ತೆ ಜಯದೇವಿ ಬರುವವರಿದ್ದರು. ಜಳಕ ಮಾಡಿ ಲಿಂಗಪೂಜೆ ಮುಗಿಯುವ ತನಕ ಮಾವನವರು ಒಂದು ಗುಟುಕು ಚಹಾ ಕೂಡ ಮುಟ್ಟುವವರಲ್ಲ. ಹೋದ ಸಲ ಅರ್ಧ ಬಕೆಟ್ಟಿನಲ್ಲಿ ಜಳಕ ಮುಗಿಸಿ ಬಂದು, ತಲೆಯ ಒಂದೇ ಪಕ್ಕ ಒದ್ದೆಯಾಗಿದ್ದ ಆ ಹಿರಿಯರು ಶಾಂತವಾಗಿ ನುಡಿದಿದ್ದರು: "ಅಳಿಯಂದ್ರ, ಇನ್ನೊಮ್ಮಿ ಹಿಂಗಾದ್ರ ಮಳಿ ಆಗೂ ತನಕ ನಮ್ಮ ಹುಡುಗಿನ್ನ ನಮ್ಮನಿಗೇ ಕರ್ಕೊಂಡು ಹೋಗ್ತೀನಿ." ಕಲಬುರಗಿಯ ಬಿಸಿಲು ಕುಡಿದವರ ಬಾಯಿಂದ ಇಂಥ ಮಾತು! ಅಂದಿನಿಂದ ಸಿದ್ಧಲಿಂಗೇಶನಿಗೆ ಖಾಲಿ ನಲ್ಲಿಯ ಸದ್ದು ಕೇಳಿದರೂ ಹೆಂಡತಿ ಸೂಟ್‌ಕೇಸಿನ ಜಿಪ್ ಎಳೆದಂತೆ ಕೇಳುತ್ತಿತ್ತು.

"ಆರಕ್ಕ ನಾನೇ ಒತ್ತತೀನಿ. ನೀವು ಸ್ಟೇಷನ್ನಿಗೆ ಹೋಗ್ರಿ," ಎಂದಳು ಪ್ರತಿಭಾ.

"ನೀನು ಒತ್ತೋದಾ? ನೀನು ಒತ್ತೋ ಹೊತ್ತಿಗೆ ಬಾಣಸವಾಡಿಯವರು ನಾಲ್ಕು ಸಲ ಒತ್ತಿರ್ತಾರೆ! ಯಂತ್ರದ ವೇಗದ ಮುಂದೆ ಮನುಷ್ಯನ ಹೆಬ್ಬೆರಳು ಯಾವ ಲೆಕ್ಕ?"

ಕೆ.ಆರ್. ಪುರದ ಕಡೆಯ ಕಂಪನಿಯೊಂದರಲ್ಲಿ ಅವನು ಹನ್ನೊಂದು ವರ್ಷಗಳಿಂದ ಸಾಫ್ಟ್‌ವೇರ್ ಪರೀಕ್ಷಕ. ಪರದೆಯ ಮೇಲಿನ ಗುಂಡಿಗಳನ್ನು ಜಾವಾಸ್ಕ್ರಿಪ್ಟ್ ಬರೆದು ಕಂಪ್ಯೂಟರಿನಿಂದಲೇ ಒತ್ತಿಸುವುದು ಅವನ ಅನ್ನ. ಆ ಪಾಂಡಿತ್ಯವನ್ನು ಅಂದು ಸಂಸಾರಕ್ಕೆ ಧಾರೆ ಎರೆದ. ಮೊದಲು 'ಕ್ಲಿಕ್ ಮಾಡು' ಎಂಬ ಸರಳ ಆಜ್ಞೆ ಕೊಟ್ಟ. ಹನಿ ಮಿಸುಕಲಿಲ್ಲ. ಒಳಹೊಕ್ಕು ನೋಡಿದರೆ ಅದು ಗುಂಡಿಯೇ ಅಲ್ಲ, ಗುಂಡಿಯ ವೇಷ ಹಾಕಿದ ಬರೀ ಚಿತ್ರ!

"ನೋಡಿದ್ಯಾ ಮೋಸ? ಕ್ಲಿಕ್ ಅಂದ್ರೆ ಇದು ಬಗ್ಗಲ್ಲ. ಮೌಸ್ ಬಂತು, ಒತ್ತಿತು, ಬಿಟ್ಟಿತು ಅಂತ ಒಂದೊಂದಾಗಿ ನಂಬಿಸ್ಬೇಕು."

"ಖರೇನೇ ಒತ್ತೂದಿಲ್ಲ?"

"ಇಲ್ಲ. ಒತ್ತಿದ ಹಾಗೆ ನಟನೆ."

"ಅಂದ್ರ ನೀವು ಮನಿ ಕೆಲಸ ಮಾಡಿದಂಗ," ಎಂದು ಪ್ರತಿಭಾ ಚೊಂಬು ಎತ್ತಿಕೊಂಡು ಹೋದಳು.

ಮೂರು ಸುಳ್ಳನ್ನೂ ಸಾಲಾಗಿ ಹೇಳಿದಾಗ ಹನಿ ಒಮ್ಮೆ ಕುಲುಕಿತು. ಸಿದ್ಧಲಿಂಗೇಶನಿಗೆ ಗಂಗೆಯನ್ನೇ ಇಳಿಸಿದಷ್ಟು ಹೆಮ್ಮೆ! ಹನಿ ಹಸಿರಾಗುವ ತನಕ ಐದು ಸೆಕೆಂಡಿಗೊಮ್ಮೆ ಒತ್ತುತ್ತಲೇ ಇರು ಎಂದು ಬರೆದ. ಬೆಳಿಗ್ಗೆ ಆರಕ್ಕೆ ಅದನ್ನು ಓಡಲು ಬಿಟ್ಟು, "ಲ್ಯಾಪ್‌ಟಾಪ್ ಮುಟ್ಟಿದ್ರೆ ನೋಡು" ಎಂದು ಹೆಂಡತಿಗೆ ಎಚ್ಚರಿಸಿ, ಕಂಟೋನ್ಮೆಂಟ್ ಸ್ಟೇಷನ್ನಿಗೆ ಹೊರಟ.

ಏಳೂವರೆಗೆ ಅತ್ತೆ ಮಾವನನ್ನು ಕರೆದುಕೊಂಡು ಬಂದು, ಸೋಫಾದಲ್ಲಿ ಕೂರಿಸಿ, ಒಳಕೋಣೆಗೆ ನುಗ್ಗಿದ. ಹನಿ ಇನ್ನೂ ನೀಲಿ. ಅದರ ಪಕ್ಕದಲ್ಲಿ ಅವನೇ ಬರೆಸಿದ್ದ ಲೆಕ್ಕ: ಒತ್ತಿದ್ದು, 1080 ಸಲ.

ಸಾವಿರದ ಎಂಬತ್ತು!

ಲ್ಯಾಪ್‌ಟಾಪನ್ನು ಹಾವಿನ ಬುಟ್ಟಿಯಂತೆ ಮುಚ್ಚಿದ. ಬಣ್ಣ ಬದಲಾಗದಿದ್ದರೆ ಏನಂತೆ, ಒತ್ತಿದ್ದಂತೂ ಒತ್ತಿದ್ದೇ ಅಲ್ಲವೇ? ಗಯಾಜ್ ಭಾಯಿಗೆ ನಾಲ್ಕೇ ಲಾರಿ ಎಂಬ ಸರಳ ಸತ್ಯ ಭಯದ ತಲೆಗೆ ಹೊಳೆಯಲಿಲ್ಲ. ಹೊಳೆದದ್ದು ಕಾಕ್ಸ್ ಟೌನಿನಿಂದ ಹಲಸೂರು ದಾಟಿ ಕೆ.ಆರ್. ಪುರದ ತೂಗು ಸೇತುವೆಯವರೆಗೆ ಹಾರ್ನ್ ಹೊಡೆಯುತ್ತಾ ನಿಂತ ಟ್ಯಾಂಕರುಗಳ ಸಾಲು. ನಡುವೆ ಸಿಕ್ಕಿಬಿದ್ದ ಆಂಬುಲೆನ್ಸು. "ಸಿದ್ಧಲಿಂಗೇಶ ಅನ್ನೋನು ಯಾರ್ರೀ?" ಎಂದು ಲಾಠಿ ಕುಟ್ಟುವ ಪೊಲೀಸರು. ಗಯಾಜ್ ಭಾಯಿಗೆ ಫೋನ್ ಮಾಡಿದ. ಬಿಜಿ. ಮತ್ತೆ ಮಾಡಿದ. ಬಿಜಿ. ಇನ್ನೇನು, ಸಾವಿರ ಡ್ರೈವರುಗಳು ವಿಳಾಸ ಕೇಳುತ್ತಿದ್ದಾರೆ! ಕೆಳಗೆ ಕಸದ ಆಟೋ ಗುರ್ ಎಂದರೆ ಮಂಚದ ಕೆಳಗಿನ ಜಾಗ ಅಳೆದ.

ಕೊನೆಗೆ ಮೆಲ್ಲನೆ ಕೆಳಗಿಳಿದು, ಗೇಟಿನ ಕೀಲಿ ಇಟ್ಟುಕೊಂಡಿದ್ದ ನೆಲಮಹಡಿಯ ಮುನಿರಾಜಪ್ಪನವರ ಮುಂದೆ ಕೈಮುಗಿದ. "ಇವತ್ತು ಯಾವ ಟ್ಯಾಂಕರ್ ಬಂದ್ರೂ ಒಳಗೆ ಬಿಡ್ಬೇಡಿ ಸಾರ್. ಸಾವಿರದ ಎಂಬತ್ತು ಬರ್ತಾವೆ."

ಮುನಿರಾಜಪ್ಪನವರು ಪೇಪರ್ ಮಡಚಿದರು. "ಅಷ್ಟೇನಾ? ನಾನ್ ಹುಟ್ಟಿದ್ದೇ ಈ ಏರಿಯಾದಲ್ಲಿ ಕಣ್ರೀ. ನಾನ್ ನಿಂತ್ಕಂಡ್ರೆ ಒಂದು ಸೈಕಲ್ಲೂ ಒಳಗ್ ಬರಲ್ಲ. ಹೋಗಿ, ತಿಂಡಿ ತಿನ್ಹೋಗಿ."

ಮೇಲೆ ಬಂದರೆ ಮಾವನವರು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಚ್ಚಲಿನ ಬಾಗಿಲಿಗೆ ಕುರ್ಚಿ ಎಳೆದು ಕೂತಿದ್ದರು. ನಲ್ಲಿಯಿಂದ ಬುಸ್ ಎಂದು ಗಾಳಿ ಬರುತ್ತಿತ್ತು.

"ಅಳಿಯಂದ್ರ, ಈ ಸಲ ಅರ್ಧ ಬಕೀಟೂ ಇಲ್ಲೇನ?"

"ಬರುತ್ತೆ ಮಾವಾರೆ. ಬೇಕಾದಷ್ಟು ಬರುತ್ತೆ," ಎಂದ ಸಿದ್ಧಲಿಂಗೇಶ. ಆ 'ಬೇಕಾದಷ್ಟು' ಹೇಳುವಾಗ ಅವನ ದನಿ ನಡುಗಿದ್ದು ಪ್ರತಿಭಾಗೆ ತಿಳಿಯಿತು. ಅಡುಗೆಮನೆಗೆ ಎಳೆದುಕೊಂಡು ಹೋದಳು. ಅವನು ಎಲ್ಲವನ್ನೂ ಒಪ್ಪಿಕೊಂಡ.

ಪ್ರತಿಭಾ ಒಂದು ಕ್ಷಣ ಅವನನ್ನೇ ನೋಡಿದಳು. ಅವಳು ತನ್ನ ಫೋನಿನಿಂದ ಗಯಾಜ್ ಭಾಯಿಯ ಮನೆಯ ನಂಬರು ಒತ್ತಿ, "ಭಾಯ್, ಅಪ್ಪಾಜಿ ಬಂದಾರ. ಮನ್ಯಾಗ ಒಂದು ಹನಿ ನೀರಿಲ್ಲ," ಎಂದಳು. ಅರ್ಧ ನಿಮಿಷಕ್ಕೆ ಫೋನ್ ಇಟ್ಟು ಗಂಡನತ್ತ ತಿರುಗಿದಳು. "ಲಾರಿ ಬರ್ಲಿಕತ್ತದ. ಇದಕ್ಕ ಅಂತಾರ ಹೆಬ್ಬೆರಳು."

ಹತ್ತು ನಿಮಿಷಕ್ಕೆ ಕೆಳಗೆ ಟ್ಯಾಂಕರಿನ ಹಾರ್ನ್. ಆಮೇಲೆ ಜಗಳದ ಸದ್ದು. ಆಮೇಲೆ ಲಾರಿ ದೂರ ಹೋದ ಸದ್ದು. ಆಮೇಲೆ ಮುನಿರಾಜಪ್ಪನವರ ವಿಜಯಘೋಷ:

"ಸಾರ್! ಒಂದು ಬಂದಿತ್ತು, ವಾಪಸ್ ಓಡಿಸ್ಬಿಟ್ಟೆ! ಇನ್ನ ಸಾವಿರದ ಎಪ್ಪತ್ತೊಂಬತ್ತು ಬರ್ಲಿ, ನೋಡ್ಕತೀನಿ!"

ಸಿದ್ಧಲಿಂಗೇಶ ಹೇಗೆ ಮೆಟ್ಟಿಲಿಳಿದನೋ ಅವನಿಗೇ ಗೊತ್ತಿಲ್ಲ. ಒಂದು ಕಾಲಿನಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು. ಬೇಕರಿಯ ತಿರುವಿನಲ್ಲಿ, ಬನ್ನು ಕೊಳ್ಳಲು ನಿಂತವರೆಲ್ಲ ನೋಡುತ್ತಿದ್ದಂತೆ, ಟ್ಯಾಂಕರಿನ ಹಿಂದಿನ ಏಣಿ ಹಿಡಿದು ನೇತಾಡಿದ. ಸೋರುವ ನೀರೆಲ್ಲ ಅವನ ಮೇಲೆ. ಲಾರಿ ನಿಂತಿತು. ಇಳಿದವರು ಖುದ್ದು ಗಯಾಜ್ ಭಾಯಿ.

"ಮೂರನೇ ಮಹಡಿ ಸಾರ್ ನೀವೇನಾ? ಬೆಳಿಗ್ಗೆಯಿಂದ ಸಾವಿರ ಸಲ ಒತ್ತಿದ್ದು?"

"ತಪ್ಪಾಯ್ತು ಭಾಯ್! ಒಂದೇ ಒಂದು ಟ್ಯಾಂಕರ್ ಸಾಕು. ಮಿಕ್ಕಿದ್ದು ಕ್ಯಾನ್ಸಲ್ ಮಾಡಿ!"

"ಅರೆ, ಯಾವ ಮಿಕ್ಕಿದ್ದು? ಒಂದೂ ಬುಕ್ ಆಗಿಲ್ಲ ಸಾರ್. ಯುಗಾದಿ ಟೈಮಲ್ಲಿ ಯಾರೋ ಮೆಷೀನಲ್ಲಿ ಒತ್ತಿಸಿ ನಮ್ ಗಾಡಿ ಎಲ್ಲಾ ಹೊಡ್ಕೊಂಡಿದ್ರು. ಅವತ್ತೇ, ವೆಬ್‌ಸೈಟ್ ನೋಡ್ಕೊಳ್ಳೋ ನಮ್ ಮಗಳು, ತೂಬಾ ಅಂತ, ಅದಕ್ಕೊಂದು ಚೆಕ್ ಹಾಕವ್ಳೆ. ಬೆರಳಲ್ಲಿ ಒತ್ತಿದ್ದಾ, ಕೋಡಲ್ಲಿ ಒತ್ತಿಸಿದ್ದಾ ಅಂತ ಬ್ರೌಸರೇ ಹೇಳ್ಬಿಡ್ತದಂತೆ. ವೆಬ್‌ಸೈಟಲ್ಲಿ ನಿಮ್ ಬಿಲ್ಡಿಂಗ್ ಪೂರಾ ಬಂದ್ ಆಗೈತೆ."

ಸಿದ್ಧಲಿಂಗೇಶ ಹಣೆ ಚಚ್ಚಿಕೊಂಡ. ನಟಿಸಿದ ಕ್ಲಿಕ್ಕಿಗೆ ಬ್ರೌಸರು ಒಳಗೊಳಗೇ ಗುರುತು ಹಾಕುತ್ತದೆ ಎಂಬುದು ಅವನಿಗೆ ಗೊತ್ತಿಲ್ಲದ್ದೇ? ಆಫೀಸಿಗೆ ಸೇರುವ ಹೊಸಬರಿಗೆ ಮೊದಲ ದಿನ ಅವನೇ ಮಾಡುವ ಪಾಠ ಅದು!

ಲಾರಿ ಹಿಂದಕ್ಕೆ ಬಂದು ಗೇಟಿನ ಮುಂದೆ ನಿಂತಿತು. ಮೇಲಿನಿಂದ ಇಳಿದು ಬಂದಿದ್ದ ಗುರುಶಾಂತಪ್ಪನವರು ಟವೆಲ್ ಸಮೇತ ಸಂಪಿನ ಬಾಯಿಗೇ ಕಾವಲು ನಿಂತಿದ್ದರು. ಗಯಾಜ್ ಭಾಯಿ ಪೈಪು ಇಳಿಸಿ, ಫೋನಿನಲ್ಲಿ ಮಗಳನ್ನು ಹಿಡಿದು, ಮಾವನವರ ಮುಂದೆ ಚಾಚಿದರು.

"ಮೇಡಂ ಕೇಳಿದ್ರು ಅಂತ ಇವತ್ತು ನೀರು ತಂದಿದೀನಿ ಯಜಮಾನ್ರೇ. ಬಂದ್ ತೆಗೀಬೇಕಂದ್ರೆ ಮನೆ ಹಿರಿಯರು ಯಾರಾದ್ರೂ ಹೇಳ್ಬೇಕಂತೆ. ಅಲ್ಲಿರೋನು ಮೆಷೀನ್ ಅಲ್ಲ, ಮನುಷ್ಯನೇ ಅಂತ. ನಿಮ್ ಅಳಿಯ ತಾನೇ? ಒಂದು ಮಾತು ಹೇಳ್ಬಿಡಿ."

ಎಂಟೂ ಮನೆಯವರು ಬಾಲ್ಕನಿಯಿಂದ ಬಗ್ಗಿ ನೋಡುತ್ತಿದ್ದರು. ಗುರುಶಾಂತಪ್ಪನವರು ಅಳಿಯನನ್ನು ಮೇಲಿನಿಂದ ಕೆಳಗೆ ನೋಡಿದರು. ನೀರು ತೊಟ್ಟಿಕ್ಕುವ ತಲೆ. ಒಂದೇ ಚಪ್ಪಲಿ. ಮೂರನೇ ಮೆಟ್ಟಿಲಲ್ಲಿ ನಗು ತಡೆಯಲು ಸೆರಗು ಕಚ್ಚಿಕೊಂಡ ಮಗಳನ್ನೂ ಒಮ್ಮೆ ನೋಡಿದರು.

"ಮೊದಲ ಪೈಪ್ ಬಿಡ್ರಿ," ಎಂದರು. "ಪೂಜಿ ಆಗೂ ತನಕ ನಾ ಯಾರ ಪರವಾಗೂ ಸಾಕ್ಷಿ ಹೇಳಾಂವಲ್ಲ. ಜಳಕಾ ಮಾಡಿ, ಪೂಜಿ ಮುಗಿಸಿ, ನಾಷ್ಟಾನೂ ಆಗ್ಲಿ. ಆಮ್ಯಾಲ ಇನ್ನೊಮ್ಮಿ ಸಾವಕಾಶ ನೋಡಿ ಹೇಳ್ತೀನಿ."